ಅಂಬಿಯ ಬುಟ್ಟಿಬಂಡಿ

ಸೈಕಲ್ ಹೊಡೆಯುವುದನ್ನು ಕಲಿಯಲು ಜೋಗಮ್ಮನಿಗೆ ನಾಲ್ಕು ದಿನ ಹಿಡಿದಿತ್ತು. ಮಗಳನ್ನು ಆ ಸೈಕಲ್ಲಿನ ಜೊತೆ ಕರೆದೊಯ್ಯುವುದು ಹೇಗೆಂದು ಕಂಡುಕೊಳ್ಳಲು ಒಂದೂವರೆ ತಿಂಗಳು ಹಿಡಿಯಿತು.

ಅದು ಸಾವಿರದ ಒಂಬೈನೂರ ಐವತ್ತೈದರ ಚಳಿಗಾಲ. ಜೋಗಮ್ಮ ಮಸ್ಕಿಯ ದವಾಖಾನೆಯಲ್ಲಿ ದಾಯಿಯಾಗಿದ್ದಳು. ರಾಯಚೂರಿನಲ್ಲಿ ವರ್ಷವಿಡೀ ಹೆರಿಗೆಯ ಕೆಲಸ ಕಲಿತು ಬಂದವಳು. ಇಪ್ಪತ್ತನಾಲ್ಕರ ಹರೆಯ, ಮಾತು ಕಡಿಮೆ, ಕೈ ಚುರುಕು. ಊರ ಹೊರಗಿನ ಅವಳ ಕೇರಿಯಲ್ಲಿ ಸರಕಾರಿ ಪಗಾರ ಎಣಿಸಿದ ಮೊದಲ ಹೆಂಗಸು ಅವಳೇ. ಸುತ್ತಿನ ಹತ್ತು ಹಳ್ಳಿಗಳ ಜನ ಅವಳನ್ನು ನರ್ಸಬಾಯಿ ಎಂದು ಕರೆಯುತ್ತಿದ್ದರು. ಕರೆದು, ಹೆರಿಗೆಯಾದ ಮೇಲೆ ಅವಳು ಕೂತ ಜಾಗಕ್ಕೆ ನೀರು ಚಿಮುಕಿಸುವ ಮನೆಗಳೂ ಇದ್ದವು. ಜೋಗಮ್ಮ ಅದನ್ನು ಕಂಡೂ ಕಾಣದಂತೆ ಬರುತ್ತಿದ್ದಳು. ಬದುಕಿದ ಕೂಸು ಬಾಣಂತಿಯ ಮಗ್ಗುಲಲ್ಲಿ ಮಲಗಿರುತ್ತಿತ್ತಲ್ಲ, ಅಷ್ಟು ಅವಳಿಗೆ ಸಾಕಿತ್ತು.

ದವಾಖಾನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಸೈಕಲ್ಲೊಂದನ್ನು ಡಾಕ್ಟರ್ ಸಾಹೇಬರು ಅವಳಿಗೆ ಕೊಟ್ಟರು. ಕಚ್ಚೆ ಹಾಕಿ ಸೀರೆ ಉಡುವವಳಾದ್ದರಿಂದ ಗಂಡಸರ ಸೈಕಲ್ಲಿನ ಅಡ್ಡಕಂಬಿ ಅವಳಿಗೆ ತೊಡಕಾಗಲಿಲ್ಲ. ಕಲಿಸಿದವನು ಬಸ್ಸು ನಿಲ್ಲುವ ಕಡೆ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಶಾವಲಿ. ಐವತ್ತು ದಾಟಿದ ಮನುಷ್ಯ, ಹರೆಯದಲ್ಲಿ ಸಿಕಂದರಾಬಾದಿನ ಮೋಟಾರು ಕಾರಖಾನೆಯಲ್ಲಿ ದುಡಿದು ಬಂದವನು. ನಾಲ್ಕನೆಯ ದಿನ ಅವಳು ಯಾರ ಆಸರೆಯೂ ಇಲ್ಲದೆ ಹಳ್ಳದ ತನಕ ಹೋಗಿ ತಿರುಗಿ ಬಂದಾಗ, "ಇನ್ನ ನೀನು ಬೀಳೋದು ನಿನ್ನ ಖುಷಿ, ನನ್ನ ಜವಾಬ್ದಾರಿ ಮುಗೀತು" ಎಂದು ಕೈ ತೊಳೆದುಕೊಂಡಿದ್ದ.

ತೊಡಕಿದ್ದದ್ದು ಮಗಳ ವಿಷಯದಲ್ಲಿ. ಅಂಬಮ್ಮನಿಗೆ, ಮನೆಯವರ ಬಾಯಲ್ಲಿ ಅಂಬಿಗೆ, ಒಂದೂವರೆ ವರ್ಷ. ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಗಂಡ ದುರುಗಪ್ಪ ಸಿಂಧನೂರಿನ ಕಡೆ ತುಂಗಭದ್ರೆಯ ಕಾಲುವೆ ಕೆಲಸದಲ್ಲಿ ಅಳತೆಯ ಸರಪಳಿ ಹಿಡಿಯುತ್ತ ಅಲ್ಲಿಯ ಕ್ಯಾಂಪಿನಲ್ಲೇ ಇರುತ್ತಿದ್ದ, ಆದಿತ್ಯವಾರಕ್ಕೊಮ್ಮೆ ಮನೆ. ಅತ್ತೆ ಮುದುಕಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳುಗಳಷ್ಟೇ ಗೊತ್ತಾಗುತ್ತಿದ್ದವು. ಅಂಬಿ ಮಲಗಿದಲ್ಲೇ ಇದ್ದಾಗ ಮುದುಕಿ ಅವಳನ್ನು ಸಲೀಸಾಗಿ ನೋಡಿಕೊಂಡಿದ್ದಳು. ಕಾಲು ಬಂದ ಮೇಲೆ ಕೂಸು ಒಂದು ದಿನ ಸದ್ದಿಲ್ಲದೆ ಬಾವಿಯ ಕಟ್ಟೆಯ ತನಕ ನಡೆದುಬಿಟ್ಟಿತು. ಕಳೆ ತೆಗೆಯುವ ಕಾಲ, ಕೇರಿಯಲ್ಲಿ ಕೈಕಾಲು ಗಟ್ಟಿ ಇದ್ದವರೆಲ್ಲ ಜೋಳದ ಹೊಲದಲ್ಲಿ. ಆ ಹೊತ್ತಿಗೆ ನೀರಿಗೆ ಬಂದವರು ಯಾರೋ ಎತ್ತಿಕೊಂಡು ಬಂದರು. ಅವತ್ತು ರಾತ್ರಿ ಮುದುಕಮ್ಮ ಉಣ್ಣಲಿಲ್ಲ.

"ನನ್ನ ನಂಬಿ ಬಿಟ್ಟು ಹೋಗಬ್ಯಾಡವ್ವ," ಎಂದಳು. "ನಂಗ ಕಿವಿ ಐತಿ, ಆದ್ರ ಇದು ಹೆಜ್ಜಿ ಸಪ್ಪಳ ಮಾಡೋದಿಲ್ಲ."

ಜೋಗಮ್ಮ ಅಂಬಿಯನ್ನು ಬೆನ್ನಿಗೆ ಕಟ್ಟಿಕೊಂಡು ನೋಡಿದಳು. ಅಂಬಿ ಹಿಂದಿನಿಂದ ಎರಡೂ ಕೈಯಲ್ಲಿ ಅವ್ವನ ಕಣ್ಣು ಮುಚ್ಚುವ ಆಟ ಕಲಿತಳು. ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಚಿಕ್ಕ ಬುಟ್ಟಿ ಬಿಗಿದು ಕೂಡಿಸಿ ನೋಡಿದಳು. ಸಂತೆಯ ದಿನ ಅಂಗಡಿಸಾಲಿನಲ್ಲಿ ಹೋಗುತ್ತಿದ್ದಾಗ ಕೂಸಿನ ಕಾಲು ಬುಟ್ಟಿಯಿಂದ ಜಾರಿ, ಕಾಲ್ಗಡಗ ಗಾಲಿಯ ಕಡ್ಡಿಗೆ ಸಿಕ್ಕಿತು. ಬೆಳ್ಳಿಯ ಕಡಗ ಬಾಗಿ ಚಪ್ಪಟೆಯಾಯಿತು. ಕಾಲಿಗೆ ಹಿಮ್ಮಡಿಯ ಚರ್ಮ ಸುಲಿದದ್ದು ಬಿಟ್ಟು ಮತ್ತೇನೂ ಆಗಲಿಲ್ಲ. ಆದರೆ ಜೋಗಮ್ಮ ಅಲ್ಲಿಂದ ಮನೆಯ ತನಕ ಸೈಕಲ್ ನೂಕಿಕೊಂಡೇ ಬಂದಳು. 

ಮರುದಿನ ಕಡಗ ಸರಿಮಾಡಿಸಲು ಶಾವಲಿಯ ಅಂಗಡಿಗೆ ಹೋದಳು. ಅವನು ಕಡಗವನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ.

"ಬೇಟಿ, ಸೈಕಲ್ ಮ್ಯಾಲ ಕೂಸಿಗೆ ಜಾಗ ಇಲ್ಲ," ಎಂದ. "ಸೈಕಲ್ ಹಿಂದ ಐತಿ. ಸಿಕಂದರಾಬಾದಿನಾಗ ಪಾವ್‌ರೊಟ್ಟಿ ಮಾರೋರು ಪೆಟ್ಟಿಗಿಗೆ ಎರಡು ಗಾಲಿ ಹಚ್ಚಿ ಸೈಕಲ್‌ಗೆ ಕಟ್ಟಿ ಜಗ್ಗತಿದ್ರು. ನಾನು ಮಾಡಿಕೊಡತೀನಿ."

"ರೊಟ್ಟಿ ಬ್ಯಾರೆ, ಕೂಸು ಬ್ಯಾರೆ, ಚಾಚಾ."

"ರೊಟ್ಟಿಕಿಂತ ಗಟ್ಟಿ ಮಾಡತೀನಿ."

ಎಂಟು ದಿನದಲ್ಲಿ ಬಂಡಿ ತಯಾರಾಯಿತು. ಮುರಿದ ಸೈಕಲ್ಲುಗಳಿಂದ ತೆಗೆದ ಎರಡು ಗಾಲಿ. ಅವುಗಳ ನಡುವೆ ಬಾಗಿಸಿದ ಕಬ್ಬಿಣದ ಇರಸು. ಅದರ ಬಾಗಿನಲ್ಲಿ ಕೂತ, ಮೇದಾರರು ಹೆಣೆದ ಆಳವಾದ ಬಿದಿರುಬುಟ್ಟಿ. ಬುಟ್ಟಿ ತಗ್ಗಿದಷ್ಟೂ ಬಂಡಿ ಮಗುಚುವುದು ಕಡಿಮೆ ಎಂದು ಶಾವಲಿ ಅದರ ತಳವನ್ನು ನೆಲದಿಂದ ಗೇಣೆತ್ತರಕ್ಕೆ ಇಳಿಸಿದ್ದ. ಕೂಸಿನ ಕೈ ಗಾಲಿಗೆ ತಾಕದಂತೆ ಎರಡೂ ಮಗ್ಗುಲಿಗೆ ಗೋಣಿತಟ್ಟು ಹೊಲಿದವಳು ಅವನ ಹೆಂಡತಿ ಜಮೀಲಾಬೀ. ಬಂಡಿಯ ಮುಂದೆ ಚಾಚಿದ ಕೊಳವೆಯನ್ನು ಶಾವಲಿ ಸೈಕಲ್ಲಿನ ಸೀಟಿನ ಕಂಬಕ್ಕೆ ತಂದು, ಎರಡು ಕಬ್ಬಿಣದ ಪಟ್ಟಿ ಹಾಕಿ, ನಾಲ್ಕು ಬೋಲ್ಟ್ ಬಿಗಿದಿದ್ದ. ಅಲುಗಾಡಿಸಿದರೆ ಸೈಕಲ್ಲು ಬಂಡಿ ಒಂದೇ ಒಡಲಿನಂತೆ ಅಲುಗುತ್ತಿದ್ದವು.

"ನೋಡು, ಕೂದಲೆಳಿಯಷ್ಟೂ ಸಡ್ಲ ಇಲ್ಲ," ಎಂದು ಹೆಮ್ಮೆಯಿಂದ ಮೀಸೆ ಒರೆಸಿಕೊಂಡ. "ಕೂಡಿಸು ಮಗಳನ್ನ."

ಜೋಗಮ್ಮ ಕೂಡಿಸಲಿಲ್ಲ. ಹಿಂದಿನ ದಿನವೇ ಅವಳು ಅಂಬಿಯನ್ನು ದವಾಖಾನೆಯ ತಕ್ಕಡಿಯಲ್ಲಿ ತೂಗಿಸಿದ್ದಳು; ಇಪ್ಪತ್ತೆರಡು ಪೌಂಡು. ಅಷ್ಟೇ ತೂಕದ ಜೋಳವನ್ನು ಚಿಕ್ಕ ಚೀಲದಲ್ಲಿ ಕಟ್ಟಿ ತಂದಿದ್ದಳು. "ಮೊದಲು ಇದು ಕೂಡ್ರಲಿ," ಎಂದಳು. ಜಮೀಲಾಬೀಗೆ ಚೀಲವೊಂದೇ ಸಾಲದೆನಿಸಿತೋ ಏನೋ, ಒಳಗಿಂದ ಒಂದು ಕುಂಬಳಕಾಯಿ ತಂದು ಚೀಲದ ಮೇಲೆ ತಲೆಯಂತೆ ಕಟ್ಟಿ, ಅಂಬಿಯ ಕುಲಾವಿಯನ್ನು ಅದಕ್ಕೆ ತೊಡಿಸಿದಳು. ಬಸ್ಸಿಗೆ ಕಾದಿದ್ದವರೆಲ್ಲ ನಗುತ್ತ ಹಿಂದೆ ಹೊರಟರು.

ಮಲ್ಲಯ್ಯನ ಗುಡ್ಡದ ಬುಡದಲ್ಲಿ ಇಳಿಜಾರಿನ ಒಂದು ದಾರಿ ಇತ್ತು. ಜೋಗಮ್ಮ ಸೈಕಲ್ ಹತ್ತಿ ಅದರಲ್ಲಿ ಮೆಲ್ಲಗೆ ಸಾಗಿದಳು. ನೆಟ್ಟಗಿನ ದಾರಿಯಲ್ಲಿ ಬಂಡಿ ಕರುವಿನಂತೆ ಹಿಂದೆ ಬಂತು. ತಿರುವಿನಲ್ಲಿ ಸೈಕಲ್ಲನ್ನು ಎಡಕ್ಕೆ ವಾಲಿಸಿದಳೋ ಇಲ್ಲವೋ, ಬಂಡಿ ವಾಲಲು ಒಪ್ಪಲಿಲ್ಲ. ಕೊಳವೆ ಸೀಟನ್ನು ಹಿಡಿದು ಹಿಂದಕ್ಕೆ ತಿರುಚಿತು. ಸೈಕಲ್ಲು ಮಲಗಿತು, ಮಲಗುತ್ತ ಬಂಡಿಯನ್ನೂ ತನ್ನೊಂದಿಗೆ ಹೊರಳಿಸಿತು. ಕುಂಬಳಕಾಯಿ ಚೀಲದಿಂದ ಕಿತ್ತು, ಉರುಳಿ, ಕಲ್ಲಿಗೆ ಬಡಿದು ಎರಡು ಹೋಳಾಯಿತು.

 ಕುಲಾವಿ ಒಂದು ಹೋಳಿಗೆ ಅಂಟಿಕೊಂಡೇ ಇತ್ತು. ಜೋಗಮ್ಮ ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದು, ಕುಲಾವಿಯನ್ನು ಬಿಡಿಸಿ, ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೆಟ್ಟಗ ಹೊಡದಿದ್ರ ಬೀಳ್ತಿರಲಿಲ್ಲ," ಎಂದ ಶಾವಲಿ, ಯಾರ ಮುಖವನ್ನೂ ನೋಡದೆ.

"ನೆಟ್ಟಗಿನ ದಾರಿ ನಮ್ಮ ತಾಲೂಕಿನಾಗ ಎಲ್ಲೈತಿ, ಚಾಚಾ?"

ಶಾವಲಿ ಬಂಡಿಯನ್ನು ಅಂಗಡಿಯ ಹಿಂದೆ ದೂಡಿ, ಮೂರು ದಿನ ಆ ಕಡೆ ತಿರುಗಿ ನೋಡಲಿಲ್ಲ. ಜಮೀಲಾಬೀ ಕುಂಬಳಕಾಯಿಯ ಪಲ್ಯ ಮಾಡಿ ಬಡಿಸಿದಾಗಲೂ ಅವನು ಎರಡು ತುತ್ತಿಗೇ ಎದ್ದನಂತೆ.

ನಾಲ್ಕನೆಯ ದಿನದ ಮುಂಜಾನೆ ಮುದುಕಮ್ಮ ಬಿಸಿಲಲ್ಲಿ ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡುತ್ತಿದ್ದಳು. ಕಣ್ಣಿಲ್ಲದಿದ್ದರೂ ಆ ಕೈಗಳಿಗೆ ಎಲ್ಲವೂ ಗೊತ್ತಿತ್ತು. ಅಂಬಿಯ ತೊಡೆಯನ್ನು ಹಿಡಿದು ಮೇಲಕ್ಕೆತ್ತಿದಳು, ಪಕ್ಕಕ್ಕೆ ಹೊರಳಿಸಿದಳು, ಗಾಲಿಯಂತೆ ಸುತ್ತಿಸಿದಳು. ಕಾಲು ಎಲ್ಲ ದಿಕ್ಕಿಗೂ ತಿರುಗಿತು. ಮೈ ಮಾತ್ರ ಕದಲದೆ ಮಲಗಿತ್ತು. ಅಂಬಿ ಬೆರಳು ಚೀಪುತ್ತ ಆಕಾಶ ನೋಡುತ್ತಿದ್ದಳು.

ಜೋಗಮ್ಮ ನೀರಿನ ಕೊಡ ಇಳಿಸಿದವಳು ಅಲ್ಲೇ ನಿಂತಳು. ರಾಯಚೂರಿನ ಆಸ್ಪತ್ರೆಯಲ್ಲಿ ಕಲಿಸಲೆಂದು ಇಟ್ಟಿದ್ದ ಎಲುಬಿನ ಗೊಂಬೆ ಅವಳ ಕಣ್ಣ ಮುಂದೆ ಬಂತು. ತೊಡೆಯೆಲುಬಿನ ತುದಿಯಲ್ಲೊಂದು ಗುಂಡು, ಟೊಂಕದಲ್ಲೊಂದು ಬಟ್ಟಲು. ಗುಂಡು ಬಟ್ಟಲಲ್ಲಿ ಕೂತು ಹೇಗೆ ಬೇಕಾದರೂ ತಿರುಗುತ್ತದೆ, ಆದರೆ ಹೊರಗೆ ಬರುವುದಿಲ್ಲ. ಗುಂಡು-ಬಟ್ಟಲಿನ ಕೀಲುಗಳಲ್ಲೆಲ್ಲ ಅದೇ ದೊಡ್ಡದು.

"ಅತ್ತಿ, ಇನ್ನೊಮ್ಮೆ ತಿರುವ್ರಿ ಕಾಲನ್ನ," ಎಂದಳು.

"ಯಾಕ, ಏನರ ಉಳುಕೈತೇನು?"

"ಇಲ್ಲ. ಶಾವಲಿ ಚಾಚಾನ ಬಂಡಿಗೆ ಟೊಂಕ ಇಲ್ಲ. ಅದಕ್ಕ ಬಿತ್ತು."

ಅಂಗಡಿಗೆ ಹೋಗಿ ಅವಳು ಒಂದು ಕೈಯ ಮುಷ್ಟಿಯನ್ನು ಇನ್ನೊಂದು ಕೈಯ ಬೊಗಸೆಯಲ್ಲಿಟ್ಟು ತಿರುಗಿಸಿ ತೋರಿಸಿದಳು. ಶಾವಲಿ ಮೊದಲು ಸಿಡುಕಿನಿಂದ ನೋಡಿದ, ಆಮೇಲೆ ಕಣ್ಣರಳಿಸಿ ನೋಡಿದ, ಆಮೇಲೆ ಕೈಯಲ್ಲಿದ್ದ, ಬೋಲ್ಟ್ ತಿರುವುವ ಪಾನಾ ಕೆಳಗಿಟ್ಟ.

"ಇದು ಲಾರಿ ಸ್ಟೇರಿಂಗ್‌ನಾಗ ಇರತೈತಿ," ಎಂದ ನಿಧಾನವಾಗಿ. "ಗುಂಡು, ಬಟ್ಟಲು. ಈ ಕೈಯಿಂದ ಎಷ್ಟು ಬಿಚ್ಚೀನೋ, ಎಷ್ಟು ಕಟ್ಟೀನೋ. ನಂಗ್ಯಾಕ ಹೊಳೀಲಿಲ್ಲ?"

"ನೀವು ಬಿಗಿ ಮಾಡೋದ್ರ ಕಡೆ ಲಕ್ಷ್ಯ ಕೊಟ್ರಿ."

"ಹೌದು. ಬಿಗಿ ಆದ್ರ ಸುರಕ್ಷಿತ ಅನಕೊಂಡಿದ್ದೆ."

ಲಾರಿ ಎಲ್ಲಿಂದ ತರುವುದು? ಆದಿತ್ಯವಾರ ಬಂದ ದುರುಗಪ್ಪನಿಗೆ ಜೋಗಮ್ಮ ಹೇಳಿ ಕಳಿಸಿದಳು. ಮುಂದಿನ ಆದಿತ್ಯವಾರ ಅವನು ಬಸ್ಸಿನಿಂದ ಇಳಿದಾಗ ಟವಲಿನ ಗಂಟಿನಲ್ಲಿ ಎಣ್ಣೆಗಪ್ಪಾದ ಒಂದು ಕಬ್ಬಿಣದ ಕೀಲು ಇತ್ತು. ಕ್ಯಾಂಪಿನ ಗುಜರಿಯಲ್ಲಿ ಬಿದ್ದಿದ್ದ ಲಾರಿಯದು.

"ಮೇಸ್ತ್ರಿ ಕೇಳಿದ, ಯಾಕ ಬೇಕಲೇ ಅಂತ," ಎಂದು ದುರುಗಪ್ಪ ಹೇಳಿದ. "ನನ್ನ ಮಗಳಿಗೆ ಅಂದೆ. ನಿನ್ನ ಮಗಳೇನು ಲಾರಿ ಐತೇನು ಅಂದ. ಬಿಡಿಸಿ ಹೇಳಿದ ಮ್ಯಾಲ ತಾನೇ ಬಿಚ್ಚಿ ಕೊಟ್ಟ."

ಅವತ್ತಿಡೀ ಹಗಲು ಗಂಡ, ಹೆಂಡತಿ, ಶಾವಲಿ ಮೂವರೂ ಅಂಗಡಿಯ ಮುಂದಿನ ಬೇವಿನ ನೆರಳಲ್ಲಿ ಕೂತರು. ಈ ಸಲ ಶಾವಲಿ ಕೊಳವೆಯನ್ನು ಸೀಟಿಗೆ ಕಟ್ಟಲಿಲ್ಲ. ಅದನ್ನು ಕುಡುಗೋಲಿನಂತೆ ಬಾಗಿಸಿ ಎಡಮಗ್ಗುಲಿನಿಂದ ತಂದು, ಹಿಂದಿನ ಗಾಲಿಯ ಇರಸಿನ ಪಕ್ಕಕ್ಕೆ, ನೆಲಕ್ಕೆ ಹತ್ತಿರವಾಗಿ ಬಟ್ಟಲನ್ನು ಕೂಡಿಸಿದ. ಎಳೆತ ತಗ್ಗಿನಲ್ಲಿದ್ದರೆ ಸೈಕಲ್ಲಿಗೆ ಬಂಡಿಯ ಜಗ್ಗಾಟ ತಿಳಿಯುವುದಿಲ್ಲ ಎಂದ. ಮತ್ತೆ ಜೋಳದ ಚೀಲ ಬಂತು. ಜೋಗಮ್ಮ ಮೊದಲಿಗೆ ಸೈಕಲ್ಲನ್ನು ನಿಂತಲ್ಲೇ ಪೂರ್ತಿ ನೆಲಕ್ಕೆ ಮಲಗಿಸಿದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಕೀಲು ತಿರುಗಿತು. ಬಂಡಿ ತನ್ನ ಎರಡು ಗಾಲಿಯ ಮೇಲೆ ಹಾಗೇ ನಿಂತಿತ್ತು.

ದುರುಗಪ್ಪನಿಗೆ ಅಷ್ಟಕ್ಕೇ ಕುಣಿಯುವಂತಾಯಿತು. ಜೋಗಮ್ಮನದು ಮುಗಿದಿರಲಿಲ್ಲ.

"ಕೀಲು ಕಳಚಿದ್ರ?"

"ಲಾರಿ ಕಬ್ಬಿಣ ಅದು, ಕಳಚೋದಿಲ್ಲ," ಎಂದ ಶಾವಲಿ.

"ಬೋಲ್ಟ್ ಸಡ್ಲಾದ್ರ?"

ಶಾವಲಿ ಬೋಲ್ಟನ್ನು ಬೆರಳಿಂದ ಅಲುಗಿಸಿ ನೋಡಿದ. ದುರುಗಪ್ಪ ಮನೆಗೆ ಹೋಗಿ, ಬಾವಿಯಿಂದ ನೀರು ಎತ್ತುವ ಹಳೆಯ ತೊಗಲಚೀಲದಿಂದ ಎರಡು ಬೆರಳಗಲದ ಪಟ್ಟಿ ಸೀಳಿ ತಂದ. ಅದನ್ನು ಕೊಳವೆಯಿಂದ ಸೈಕಲ್ಲಿನ ಚೌಕಟ್ಟಿಗೆ ಸುತ್ತಿ ಬಕ್ಕಲು ಹಾಕಿದರು. ಆಮೇಲೆ ಜೋಗಮ್ಮ ಬೇಕೆಂದೇ ಬೋಲ್ಟ್ ಕಳಚಿ ಇಳಿಜಾರಿನಲ್ಲಿ ಸೈಕಲ್ ನಡೆಸಿದಳು. ಗುಂಡು ಬಟ್ಟಲಿನಿಂದ ಹೊರಬಿತ್ತು. ತೊಗಲಿನ ಪಟ್ಟಿ ಬಂಡಿಯನ್ನು ಹಿಡಿದುಕೊಂಡಿತು. ಚೀಲವನ್ನು ಬುಟ್ಟಿಯ ಹಿಂಬದಿಗೆ ಇಟ್ಟರೆ ಕೊಳವೆ ಮೇಲಕ್ಕೆದ್ದು ಸೈಕಲ್ಲಿನ ಹಿಂದಿನ ಗಾಲಿ ಜಾರುತ್ತದೆಂದು ಅವತ್ತೇ ತಿಳಿಯಿತು. ಕೂಸು ಕೂಡುವ ಹಲಗೆಯನ್ನು ಒಂದು ಗೇಣು ಮುಂದಕ್ಕೆ ತಂದರು. ಮುದುಕಮ್ಮ ಬಂದು ಬುಟ್ಟಿಯನ್ನೆಲ್ಲ ಕೈಯಿಂದ ತಡವಿ, ಬಿದಿರಿನ ಒಂದು ಸಿಬಿರು ಎದ್ದಿದ್ದನ್ನು ಹುಡುಕಿ ಮುರಿಸಿದಳು. ಕೂಸನ್ನು ಕಟ್ಟುವ ಬಟ್ಟೆ ಎರಡು ಹೆಗಲ ಮೇಲಿಂದ ಬಂದು ಸೊಂಟದಲ್ಲಿ ಕೂಡಬೇಕು, ಕೊರಳ ಹತ್ತಿರ ಎಲ್ಲೂ ಸುಳಿಯಬಾರದು ಎಂದು ತಾನೇ ಕಟ್ಟಿ ತೋರಿಸಿದಳು. ಕಾಲುವೆ ಕೆಲಸದ ಲಾರಿಗಳು ಧೂಳೆಬ್ಬಿಸಿಕೊಂಡು ಓಡಾಡುವ ಕಾಲ. ತಗ್ಗಿನ ಬಂಡಿ ಚಾಲಕರ ಕಣ್ಣಿಗೆ ಬೀಳಲೆಂದು ದುರುಗಪ್ಪ ಉದ್ದನೆಯ ಬಿದಿರುಕಡ್ಡಿಯ ತುದಿಗೆ ಕೆಂಪು ಬಟ್ಟೆ ಕಟ್ಟಿ ಹಿಂದೆ ಸಿಕ್ಕಿಸಿದ. ಅವನ ಅಳತೆಯ ಕೆಲಸದಲ್ಲಿ ಅಂಥ ಬಾವುಟಗಳ ರೂಢಿ ಇತ್ತು.

ಹತ್ತು ದಿನ ಜೋಳದ ಚೀಲವೇ ಮಸ್ಕಿಯ ಬೀದಿಗಳಲ್ಲಿ ಸವಾರಿ ಮಾಡಿತು. ಬಂಡಿ ಸೈಕಲ್ಲಿಗಿಂತ ಅಗಲ, ಆದ್ದರಿಂದ ತಿರುವನ್ನು ದೊಡ್ಡದಾಗಿ ತೆಗೆದುಕೊಳ್ಳಬೇಕು. ಇಳಿಜಾರಿನಲ್ಲಿ ಬಂಡಿ ಹಿಂದಿನಿಂದ ನೂಕುತ್ತದೆ, ಆದ್ದರಿಂದ ಇಳಿಯುವ ಮೊದಲೇ ಬ್ರೇಕು ಹಿಡಿಯಬೇಕು. ಇದೆಲ್ಲ ಕಾಲಿಗೆ ಕೈಗೆ ರೂಢಿಯಾಗುವ ತನಕ ಜೋಗಮ್ಮ ಮಗಳನ್ನು ಕೂಡಿಸಲಿಲ್ಲ. ಹನ್ನೊಂದನೆಯ ದಿನ ಅಂಬಿ ಕೂತಳು. ಬಂಡಿ ಹೊರಟಿತು. ಮನೆಗಳು, ಕೋಳಿಗಳು, ಹಿಂದೆ ಓಡಿಬರುವ ಮಕ್ಕಳು, ಎಲ್ಲ ತನಗಿಂತ ಹಿಂದೆ ಹಿಂದೆ ಹೋಗುವುದನ್ನು ಕಂಡು ಅವಳಿಗೆ ಎಷ್ಟು ಆಶ್ಚರ್ಯವಾಯಿತೆಂದರೆ, ಬಾಯಲ್ಲಿದ್ದ ಬೆರಳನ್ನು ತೆಗೆದವಳು ಮತ್ತೆ ಇಡುವುದನ್ನೇ ಮರೆತಳು.

ಸಂತೆಕಲ್ಲೂರಿನಿಂದ ಕರೆ ಬಂದದ್ದು ಅದಾದ ವಾರಕ್ಕೆ. ಮುಂಜಾನೆ ಏಳರ ಹೊತ್ತಿಗೆ ದವಾಖಾನೆಯ ಮುಂದೆ ಎತ್ತಿನ ಸವಾರಿ ಬಂಡಿಯೊಂದು ನಿಂತಿತು. ಇಳಿದವನು ಅಮರಗುಂಡಪ್ಪ, ಅಲ್ಲಿಯ ಹೊಲಮನೆಯುಳ್ಳ ಕುಳ. ಹೆಂಡತಿ ಕಲ್ಯಾಣಮ್ಮನಿಗೆ ನಸುಕಿನಿಂದ ಬೇನೆ, ಚೊಚ್ಚಲು.

"ಬಂಡಿ ತಂದೀನಿ ನರ್ಸಬಾಯಿ, ಹತ್ರಿ. ಕೂಸನ್ನ..." ಎಂದವನು ಅಷ್ಟಕ್ಕೇ ನಿಲ್ಲಿಸಿದ.

ತಿಂಗಳ ಹಿಂದೆ ಬಸುರಿಯನ್ನು ನೋಡಲು ಹೋದಾಗ ಅಂಬಿಯನ್ನು ಆ ಮನೆಯವರು ಒಳಗೆ ಬಿಟ್ಟಿರಲಿಲ್ಲ. ಅಮರಗುಂಡಪ್ಪನ ತಾಯಿ ಜಂಬಮ್ಮ, "ದಾಯಿ ಬರೋದು ಬ್ಯಾರೆ ಮಾತು, ಅದು ಕೆಲಸ. ಕೂಸನ್ನ ದನದ ಹಕ್ಕಿಯಾಗ ಕೂಡ್ರಿಸು," ಎಂದಿದ್ದಳು. ಜೋಗಮ್ಮ ಒಳಗಿದ್ದ ಅರ್ಧ ತಾಸು ಅಂಬಿ ಆ ಕೊಟ್ಟಿಗೆಯಲ್ಲಿ ಎತ್ತಿನ ಗೂಟಕ್ಕೆ ಸೆರಗಿನ ತುಂಡಿನಿಂದ ಕಟ್ಟಿಸಿಕೊಂಡು ಕೂತಿದ್ದಳು. ಅದನ್ನು ಜೋಗಮ್ಮ ಯಾರಿಗೂ ಹೇಳಿರಲಿಲ್ಲ, ಅತ್ತೆಗೂ.

"ಎತ್ತು ಹೋಗೋ ಹೊತ್ತಿಗೆ ನಾನು ಮುಟ್ಟಿರತೀನಿ, ಗೌಡ್ರ," ಎಂದಳು. "ನನ್ನ ಮಗಳಿಗೂ ಬಂಡಿ ಐತಿ."

ಹೆರಿಗೆ ಸಾಮಾನಿನ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿದಳು. ಬೋಲ್ಟ್ ಮುಟ್ಟಿ ನೋಡಿದಳು, ಪಟ್ಟಿಯ ಬಕ್ಕಲು ಜಗ್ಗಿ ನೋಡಿದಳು, ಗಾಲಿಗಳ ಗಾಳಿ ಒತ್ತಿ ನೋಡಿದಳು, ಕೂಸಿನ ಹೆಗಲ ಕಟ್ಟಿನಲ್ಲಿ ಎರಡು ಬೆರಳು ತೂರುವಷ್ಟು ಸಡಿಲವಿದೆಯೇ ಎಂದು ನೋಡಿದಳು. ಹೆರಿಗೆಗೆ ಮೊದಲು ಕೈ ತೊಳೆಯುವಷ್ಟೇ ಸಹಜವಾಗಿ ಅವಳಿಗೆ ಇದೂ ರೂಢಿಯಾಗಿತ್ತು.

ದಾರಿಯ ಎರಡೂ ಕಡೆ ಬಿಳಿಜೋಳ ತೆನೆ ತೂಗಿ ನಿಂತಿತ್ತು. ಅಲ್ಲಲ್ಲಿ ಕೊಯ್ಲಾದ ಹೊಲ. ಅರ್ಧ ದಾರಿ ಕಳೆದ ಮೇಲೆ ಒಂದು ಸಣ್ಣ ಹಳ್ಳದ ಇಳುಕಲು. ಜೋಗಮ್ಮ ಬ್ರೇಕು ಹಿಡಿದೇ ಇಳಿಯುತ್ತಿದ್ದಳು. ಆಗ ಬಲಗಡೆಯ ಕೂಳೆಹೊಲದಿಂದ ಆಡುಗಳ ಹಿಂಡೊಂದು ದಾರಿಗೆ ನುಗ್ಗಿತು. ಒಂದು ಮರಿ ಗಾಲಿಗೇ ಬಂತು. ಅದನ್ನು ಉಳಿಸಲು ಹ್ಯಾಂಡಲ್ ತಿರುವಿದಳು. ಮುಂದಿನ ಗಾಲಿ ಉಸುಕಿನಲ್ಲಿ ಹೂತಿತು. ಸೈಕಲ್ಲು ಎಡಕ್ಕೆ ಮಲಗಿತು, ಜೋಗಮ್ಮ ಮೊಣಕೈ ಊರಿ ಬಿದ್ದಳು.

ಬೀಳುವಾಗ ಅವಳ ಕಣ್ಣು ಮುಚ್ಚಿದ್ದವು. ತೆಗೆಯಲು ಧೈರ್ಯ ಬರಲಿಲ್ಲ. ಕುಂಬಳಕಾಯಿ ಕಲ್ಲಿಗೆ ಬಡಿದ ಸಪ್ಪಳ ಇನ್ನೇನು ಬರುತ್ತದೆ ಎಂದು ಕಿವಿಗೊಟ್ಟಳು. ಬಂದದ್ದು ಬೇರೆ ದನಿ.

"ಬಿತ್ತು," ಎಂದಳು ಅಂಬಿ.

ಜೋಗಮ್ಮ ತಿರುಗಿ ನೋಡಿದಳು. ಬುಟ್ಟಿಬಂಡಿ ಎರಡೂ ಗಾಲಿ ಊರಿ ನೆಟ್ಟಗೆ ನಿಂತಿತ್ತು. ಕೆಂಪು ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಅಂಬಿ ಕಟ್ಟಿದ ಕಟ್ಟಿನಲ್ಲಿ ಕೂತಲ್ಲೇ ಕೂತು, ನೆಲದ ಮೇಲಿದ್ದ ಅವ್ವನ ಕಡೆ ಬೆರಳು ತೋರಿಸಿ, ತನಗೆ ಗೊತ್ತಿದ್ದ ಏಳೆಂಟು ಮಾತುಗಳಲ್ಲಿ ಸರಿಯಾದದ್ದನ್ನು ಆರಿಸಿ, ಇನ್ನೊಮ್ಮೆ ಹೇಳಿದಳು.

"ಬಿತ್ತು."

ಆಡುಗಳ ಹಿಂದೆ ಓಡಿಬಂದ ಮುದುಕಿ, ಕನಕಮ್ಮ ಎಂದು ಹೆಸರು, ತಾಯಿಯನ್ನೊಮ್ಮೆ ಮಗಳನ್ನೊಮ್ಮೆ ನೋಡಿ ಕೋಲೂರಿ ನಿಂತಳು. "ಹಿಂಗ ನಾ ಎಲ್ಲೂ ಕಂಡಿಲ್ಲವ್ವ. ಕೂಸು ಕುಂತೈತಿ, ತಾಯಿ ಬಿದ್ದಾಳ."

ಜೋಗಮ್ಮನಿಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ. ಮೊಣಕೈಯಿಂದ ನೆತ್ತರು ಸೋರುತ್ತಿತ್ತು, ಕಣ್ಣಲ್ಲಿ ನೀರೂ ಬಂತು. ಅವಳು ಉಸುಕಿನಲ್ಲಿ ಕೂತು ನಕ್ಕಳು. ಅಂಬಿಯೂ ನಕ್ಕಳು. ಕನಕಮ್ಮ ಸೈಕಲ್ಲು ಎತ್ತಿ ಹಿಡಿದು, ಗಾಯಕ್ಕೆ ಒತ್ತಿಕೊಳ್ಳಲು ತನ್ನ ಸೆರಗಿನ ತುದಿ ಕೊಟ್ಟಳು.

ಅಮರಗುಂಡಪ್ಪನ ಮನೆ ಮುಟ್ಟಿದಾಗ ಜಂಬಮ್ಮ ದೊಡ್ಡಬಾಗಿಲಲ್ಲೇ ನಿಂತಿದ್ದಳು. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಸೊಸೆಯ ನರಳಾಟ ಒಳಗಿಂದ ಕೇಳುತ್ತಿತ್ತು. "ಲಗೂ ಬಾ," ಎಂದವಳು ಬಂಡಿಯನ್ನು ನೋಡಿ, "ಕೂಸನ್ನ ಹಕ್ಕಿಯಾಗ," ಎಂದು ಆರಂಭಿಸಿದಳು.

"ಅಕಿ ನಿಮ್ಮ ನೆಲಾ ತುಳಿಯೋದಿಲ್ಲ ತಾಯಿ, ತನ್ನ ಬಂಡಿಯಾಗ ಕುಂತಿರತಾಳ," ಎಂದಳು ಜೋಗಮ್ಮ. "ಅಂಗಳದಾಗ ನನ್ನ ಕಣ್ಣಿಗೆ ಬೀಳೋ ಹಾಂಗ ನಿಂದ್ರಸತೀನಿ. ಇಲ್ಲಂದ್ರ ನನ್ನ ಕೈ ಇಲ್ಲಿ, ಜೀವ ಅಲ್ಲಿ ಆಗತೈತಿ. ನಿಮ್ಮ ಸೊಸಿಗೆ ಎರಡೂ ಬೇಕು."

ಅಷ್ಟು ಉದ್ದದ ಮಾತನ್ನು ಅವಳು ಯಾವ ಮನೆಯ ಬಾಗಿಲಲ್ಲೂ ಆಡಿದವಳಲ್ಲ. ಒಳಗಿಂದ ಕಲ್ಯಾಣಮ್ಮ ಕೂಗಿಕೊಂಡಳು. ಜಂಬಮ್ಮ ಪಕ್ಕಕ್ಕೆ ಸರಿದಳು. ಜೋಗಮ್ಮ ಕೀಲು ಬಿಡಿಸಿ, ಸೈಕಲ್ಲನ್ನು ಹೊರಗೇ ಗೋಡೆಗೆ ಒರಗಿಸಿ, ಬಂಡಿಯನ್ನು ಅಂಗಳದ ನಡುವೆ ತಂದು, ಗಾಲಿಗೆ ಕಲ್ಲು ಕೊಟ್ಟು ಒಳಗೆ ಹೋದಳು.

ಕೂಸಿನ ತಲೆ ಸರಿಯಾಗಿಯೇ ಇತ್ತು. ಕಲ್ಯಾಣಮ್ಮ ಅಂಜಿದ್ದಳು ಅಷ್ಟೇ. ಹತ್ತೊಂಬತ್ತರ ಹುಡುಗಿ. ಜೋಗಮ್ಮ ಅವಳ ಬೆನ್ನು ತಿಕ್ಕಿದಳು, ನಡೆದಾಡಿಸಿದಳು, ಬಿಸಿನೀರು ಕುಡಿಸಿದಳು. ಬೇನೆಯ ನಡುನಡುವೆ ಬೆಳಗಿನ ಬೀಳಾಟದ ಕತೆಯನ್ನೂ ಹೇಳಿದಳು. ನಡುವೆ ಎರಡು ಸಲ ಹೊರಗೆ ಹೋಗಿ ಅಂಬಿಗೆ ಹಾಲೂಡಿಸಿ ಬಂದಳು. ಮಧ್ಯಾಹ್ನ ಮೂರರ ಹೊತ್ತಿಗೆ ಕೂಸಿನ ನೆತ್ತಿ ಕಾಣತೊಡಗಿತು. ಇನ್ನು ಒಂದು ಗಳಿಗೆಯೂ ಕೈ ತೆಗೆಯುವಂತಿರಲಿಲ್ಲ. ಸರಿಯಾಗಿ ಆಗಲೇ ಅಂಗಳದಲ್ಲಿ ಅಂಬಿ ಅಳಲು ಶುರುಮಾಡಿದಳು. ಮೊದಲು ರಾಗ, ಆಮೇಲೆ ಕಿರುಚಾಟ. ಜೋಗಮ್ಮ ಹಲ್ಲು ಕಚ್ಚಿ ತನ್ನ ಕೆಲಸ ನೋಡಿದಳು.

ಅಳು ಒಮ್ಮೆಗೇ ನಿಂತಿತು.

 ಜೋಗಮ್ಮನ ಕೈಯಲ್ಲಿ ಕಲ್ಯಾಣಮ್ಮನ ಕೂಸಿನ ತಲೆ ಇತ್ತು. ಕತ್ತು ತಿರುಗಿಸಿ ನೋಡುವಂತಿಲ್ಲ. ಆಮೇಲೆ ಒಂದು ಸದ್ದು ಕೇಳಿತು. ಕಿರ್ ಎಂದು ಮುಂದಕ್ಕೆ, ಕಿರ್ ಎಂದು ಹಿಂದಕ್ಕೆ. ಶಾವಲಿ ಎಣ್ಣೆ ಬಿಟ್ಟಿದ್ದರೂ ಬಲಗಾಲಿಯ ಆ ಸದ್ದು ಹೋಗಿರಲಿಲ್ಲ. ಯಾರೋ ಬಂಡಿಯನ್ನು ತೊಟ್ಟಿಲಿನಂತೆ ಆಡಿಸುತ್ತಿದ್ದರು.

"ಇನ್ನೊಂದು ಸಲ ಮುಕ್ಕರಿಸು, ತಂಗಿ," ಎಂದಳು ಜೋಗಮ್ಮ. "ಇದೊಂದೇ ಸಲ."

ಹೆಣ್ಣುಕೂಸು. ಹುಟ್ಟಿದ ಕೂಡಲೇ ಅತ್ತಿತು. ಹೊಕ್ಕಳುಬಳ್ಳಿ ಕತ್ತರಿಸಿ, ಒರೆಸಿ, ತಾಯಿಯ ಎದೆಗಿಟ್ಟು, ಗರ್ಭದ ಕಸ ಪೂರ್ತಿ ಬಿದ್ದದ್ದನ್ನು ನೋಡಿಕೊಂಡು ಜೋಗಮ್ಮ ಹೊರಗೆ ಬಂದಳು.

ಅಂಗಳದಲ್ಲಿ ಜಂಬಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಗಾಲಿಯ ಕಲ್ಲನ್ನು ಕಾಲಿಂದ ಸರಿಸಿ, ಬಂಡಿಯ ಕೊಳವೆಯನ್ನು ಪಾದದಿಂದ ಮುಂದೆ ನೂಕಿ ಹಿಂದೆ ಎಳೆಯುತ್ತಿದ್ದಳು. ಕೈಯಿಂದ ಮುಟ್ಟಬಾರದೆಂದು ಹಾಗೆ ಶುರುಮಾಡಿದ್ದಿರಬೇಕು. ಆದರೆ ಈಗ ಅವಳ ಬಲಗೈಯ ಬೆರಳು ಅಂಬಿಯ ಮುಷ್ಟಿಯಲ್ಲಿತ್ತು.

"ಇಕಿ ಬಿಡವಲ್ಲಳು," ಎಂದಳು ಜಂಬಮ್ಮ, ಯಾರೋ ತನ್ನ ತಪ್ಪು ಹಿಡಿದಂತೆ.

"ಹೆಣ್ಣು, ತಾಯಿ. ಇಬ್ರೂ ಗಟ್ಟಿ ಅದಾರ."

ಜಂಬಮ್ಮ ಕಣ್ಣು ಮುಚ್ಚಿ ಕರಡಿಗೆಯನ್ನು ಎಡಗೈಯಿಂದಲೇ ಹಣೆಗೊತ್ತಿಕೊಂಡಳು. ಬಲಗೈ ಬಿಡಿಸಿಕೊಳ್ಳುವ ಆತುರ ಅವಳಿಗೆ ಇದ್ದಂತೆ ಕಾಣಲಿಲ್ಲ. "ಹೆಂಗೂ ಇವತ್ತು ತಲಿಮ್ಯಾಲ ನೀರು ಹಾಕ್ಕೊಳ್ಳೋದು ಇದ್ದೇ ಐತಿ," ಎಂದು ತನಗೆ ತಾನೇ ಹೇಳಿಕೊಂಡಳು. ಜೋಗಮ್ಮನಿಗೆ ಆ ಮಾತು ಚುಚ್ಚಿತು, ನಗೆಯನ್ನೂ ತರಿಸಿತು. ಎರಡನ್ನೂ ನುಂಗಿಕೊಂಡು ಅವಳು ಅಲ್ಲೇ ಅಂಗಳದ ಮೆಟ್ಟಿಲ ಮೇಲೆ ಕೂತು ಮಗಳನ್ನು ಎತ್ತಿ ಎದೆಗೆ ಹಾಕಿಕೊಂಡಳು. ಇಲ್ಲಿ ಕೂಡಬೇಡ ಎಂದು ಯಾರೂ ಹೇಳಲಿಲ್ಲ.

ಜಂಬಮ್ಮ ಬಗ್ಗಿ ಬಂಡಿಯನ್ನು ನೋಡುತ್ತಿದ್ದಳು. "ಈ ತೊಗಲ ಪಟ್ಟಿ ಯಾಕ?"

"ಕೀಲು ಕಳಚಿದ್ರ ಬಂಡಿ ಓಡಿಹೋಗಬಾರದು ಅಂತ."

"ಈ ಗುಂಡು?"

"ಸೈಕಲ್ ಬಿದ್ರೂ ಬಂಡಿ ಬೀಳಬಾರದು ಅಂತ. ಮುಂಜಾನಿ ಬಿದ್ದೆ. ನಾ ಒಬ್ಬಾಕಿನೇ ಬಿದ್ದೆ."

 "ನನ್ನ ಮೊಮ್ಮಗಳಿಗೂ ಒಂದು ಮಾಡಿಸಬೇಕು," ಎಂದಳು ಜಂಬಮ್ಮ.

"ಸೈಕಲ್ ಯಾರು ಹೊಡೀತಾರ?"

"ನಮ್ಮ ಕಲ್ಯಾಣಿ ಕಲೀತಾಳ ಬಿಡು. ನೀ ಕಲೀಲಿಲ್ಲೇನು?"

ಒಳಗಿನ ಕೋಣೆಯಿಂದ ಬಾಣಂತಿಯ ದನಿ ಬಂತು, ನೋವೂ ನಗುವೂ ಕೂಡಿದ್ದು. "ನಗಸಬ್ಯಾಡ್ರಿ ಅತ್ತಿ, ಹೊಟ್ಟಿ ನೋಯತೈತಿ."

ಆಗ ದೊಡ್ಡಬಾಗಿಲಲ್ಲಿ ಅಮರಗುಂಡಪ್ಪ ಕಾಣಿಸಿಕೊಂಡ. ಅವನ ಎತ್ತಿನ ಬಂಡಿ ಯಾವಾಗಲೋ ಬಂದಿತ್ತು. ಗಂಡಸು ಒಳಗೆ ಬರುವಂತಿಲ್ಲವೆಂದು ಮಧ್ಯಾಹ್ನವಿಡೀ ಹೊರಗೇ ಕೂತಿದ್ದ. ಒಳಗೆ ಮೂವರು ಹೆಂಗಸರೂ ನಗುವುದನ್ನು ಕೇಳಿ, ಏನಾಯಿತೆಂದು ತಿಳಿಯದೆ, ತಾನೂ ನಕ್ಕ.

ಹೊತ್ತು ಮುಳುಗುವ ಮೊದಲೇ ಜೋಗಮ್ಮ ಮಸ್ಕಿ ಮುಟ್ಟಿದಳು. ಮನೆಯ ಮುಂದೆ ಇಳಿದು ಕೂಸಿನ ಕಟ್ಟು ಬಿಚ್ಚಿದಳು. ಅಂಬಿ ಬುಟ್ಟಿಯ ಎರಡೂ ಅಂಚು ಹಿಡಿದು, ಇಳಿಯುವುದಿಲ್ಲವೆಂದು ತಲೆಯಾಡಿಸಿದಳು. ಎತ್ತಲು ಹೋದರೆ ಕಾಲು ಝಾಡಿಸಿದಳು.

"ಏನವ್ವ ಗದ್ದಲ?" ಎಂದು ಮುದುಕಮ್ಮ ಬಾಗಿಲಿಗೆ ಬಂದಳು.

"ನಿಮ್ಮ ಮೊಮ್ಮಗಳು ಮನಿಗೆ ಬರಾಕ ಒಲ್ಲೆ ಅನ್ನಾಕತ್ಯಾಳ, ಅತ್ತಿ."

ಮುದುಕಮ್ಮ ಒಳಗೆ ಹೋಗಿ ರೊಟ್ಟಿ ಹಾಲಿನಲ್ಲಿ ಕಿವುಚಿ ತಂದಳು. ಬಂಡಿಯ ಪಕ್ಕ ನೆಲಕ್ಕೆ ಕೂತು, ಕೈಯಿಂದ ಮೊಮ್ಮಗಳ ಬಾಯಿ ಹುಡುಕಿ, ಒಂದೊಂದೇ ತುತ್ತು ಇಟ್ಟಳು. ಜೋಗಮ್ಮ ಗೋಡೆಗೆ ಒರಗಿ ಮೊಣಕೈಗೆ ಅಯೋಡಿನ್ ಹಚ್ಚಿಕೊಳ್ಳುತ್ತ, ಸಂತೆಕಲ್ಲೂರಿನ ಸುದ್ದಿಯನ್ನು ಮೊದಲಿನಿಂದ ಹೇಳಲು ಶುರುಮಾಡಿದಳು.